ಇಪ್ಪತ್ತಮೂರು ವರ್ಷ ಹಳೆಯ ಎರಡು ಹಾಳೆ

ನಮ್ಮ ಬೀದಿಯ ಪುಸ್ತಕ ಬೈಂಡಿಂಗ್ ಅಂಗಡಿಯ ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ ಜನ. ನಾನು ಇಟ್ಟುಕೊಂಡಿದ್ದೇನೆ. ಅವರು ಒಳ್ಳೆಯವರಾಗಿದ್ದರು ಎನ್ನುವ ಕಾರಣಕ್ಕೇ ಹೆಚ್ಚು ಇಟ್ಟುಕೊಂಡಿದ್ದೇನೆ. ಕೆಟ್ಟವರು ಹೀಗೆ ಮಾಡಿದ್ದರೆ ಬೈದು ಮರೆತುಬಿಡಬಹುದಿತ್ತು.

ಅಂಗಡಿಯ ಎದುರಿನ ಲೈಬ್ರರಿಯಲ್ಲಿ ನನಗೆ ಕೆಲಸ. ಬೆನ್ನು ಕಿತ್ತುಹೋದ ಪುಸ್ತಕಗಳನ್ನು ವಾರಕ್ಕೊಮ್ಮೆ ಅಲ್ಲಿಗೆ ಹೊತ್ತೊಯ್ಯುತ್ತಿದ್ದೆ. ಒಂದು ದಿನ ಯಜಮಾನರು ಎರಡು ಹಾಳೆ ಮುಂದಿಟ್ಟು, "ಇಲ್ಲೊಂದು ಸಾಕ್ಷಿ ಹಾಕಪ್ಪ" ಎಂದರು. ನೋಡಿದರೆ ಉಯಿಲು. ಅಂಗಡಿ, ಮೇಲಿನ ಮನೆ, ಒಳಗಿನ ಸಾಮಾನು ಸಮೇತ ಎಲ್ಲವೂ ಹಿರಿಯ ಮಗನಿಗೆ. ಕಿರಿಯ ಮಗ ಆಗ ಯಾವ ಕೆಲಸದಲ್ಲೂ ತಿಂಗಳುಗಟ್ಟಲೆ ನಿಂತವನಲ್ಲ. "ಅವನ ಕೈಗೆ ಕೊಟ್ರೆ ಕಟಿಂಗ್ ಮಷೀನನ್ನ ಗುಜರಿಗೆ ಹಾಕಿ ಬರ್ತಾನೆ" ಎಂದು ನಕ್ಕರು. ಹೆಂಡತಿ ಆಗಲೇ ತೀರಿಹೋಗಿದ್ದರು. ಆಸ್ತಿಯೆಲ್ಲ ಅವರೇ ದುಡಿದು ಮಾಡಿದ್ದು, ಯಾರಿಗೆ ಬೇಕಾದರೂ ಬರೆಯಬಹುದಿತ್ತು. ರುಜು ಹಾಕಿದೆ. ಆ ದಿನದ ಮಟ್ಟಿಗೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಆಮೇಲೆ ಆ ಮನೆಯಲ್ಲಿ ಎಲ್ಲವೂ ಬದಲಾಯಿತು, ಆ ಎರಡು ಹಾಳೆ ಬಿಟ್ಟು.

ಎರಡು ವರ್ಷಕ್ಕೆ ಕಿರಿಯವನಿಗೆ ಮದುವೆಯಾಯಿತು. ಬಂದವಳು ಮಾತು ಕಡಿಮೆ, ಕೈ ಚುರುಕು. ಅವಳ ಎದುರು ಆ ಅಲೆಮಾರಿ ದಾರಿಗೆ ಬಂದ. ಬೆಳಿಗ್ಗೆ ಎಂಟಕ್ಕೆ ಅಂಗಡಿಯ ಬಾಗಿಲು ತೆಗೆಯುವಷ್ಟು ಬದಲಾದ. ಒಬ್ಬಳು ಮಗಳು ಹುಟ್ಟಿದಳು. ಮಗುವಿಗೆ ಎರಡು ವರ್ಷವಿದ್ದಾಗ ಕಾಮಾಲೆ ಬಂದು ಒಂಬತ್ತೇ ದಿನದಲ್ಲಿ ಅವನು ಹೋಗಿಬಿಟ್ಟ. ಹಿರಿಯ ಮಗ ಅಷ್ಟರಲ್ಲಿ ಬೇರೆ ಊರಿನಲ್ಲಿ ಟೈರ್ ಅಂಗಡಿ ಹಾಕಿ ಅಲ್ಲೇ ಬೇರೂರಿದ್ದ. ಬರುವುದು ಕಮ್ಮಿಯಾಯಿತು, ಫೋನ್ ಉಳಿಯಿತು, ಕೊನೆಗೆ ಅದೂ ಯಾವಾಗಲೋ ಒಮ್ಮೆ.

ಸೊಸೆ ಮಹಡಿಯಿಂದ ಕೆಳಗಿಳಿದು ಅಂಗಡಿಯಲ್ಲಿ ಕೂತಳು. ಹಾಳೆ ಮಡಿಚುವುದು, ಕಂತೆ ಜೋಡಿಸಿ ಹೊಲಿಯುವುದು, ಬೆನ್ನಿಗೆ ಅಂಟು ಹಚ್ಚಿ ರಟ್ಟು ಕೂರಿಸುವುದು, ಎಲ್ಲವನ್ನೂ ಮಾವನಿಂದಲೇ ಕಲಿತಳು. ಸೊಸೆ ಎಂಬ ಮುಲಾಜಿಲ್ಲ. ಸಡಿಲವಾಗಿದ್ದರೆ ದಾರ ಕಿತ್ತು ಕೈಗೆ ಕೊಡುತ್ತಿದ್ದರು. ಅವಳು ತುಟಿಪಿಟಕ್ಕೆನ್ನದೆ ಮತ್ತೆ ಹೊಲಿಯುತ್ತಿದ್ದಳು. ಮೂರನೆಯ ವರ್ಷಕ್ಕೆ ಬೀದಿಯೆಲ್ಲ ಅವಳನ್ನು 'ಬಿಗಿಯಕ್ಕ' ಎಂದು ಕರೆಯತೊಡಗಿತು. ಅವಳು ಹೊಲಿದ ಪುಸ್ತಕದಿಂದ ಹಾಳೆ ಕಿತ್ತುಕೊಳ್ಳುವುದಕ್ಕಿಂತ ಓದಿ ಮುಗಿಸುವುದೇ ಸುಲಭ ಎಂದು ಕಾಲೇಜು ಹುಡುಗರು ತಮಾಷೆ ಮಾಡುತ್ತಿದ್ದರು. ಯಜಮಾನರ ಕಣ್ಣು ಮಂಜಾಯಿತು, ಕೈ ನಡುಗಿತು. ಕೊನೆಯ ಒಂಬತ್ತು ವರ್ಷ ಅಂಗಡಿಯೂ ಅವಳದೇ, ಅವರ ಸ್ನಾನ, ಊಟ, ಔಷಧಿಯೂ ಅವಳದೇ.

"ಯಜಮಾನರೇ, ಆ ಉಯಿಲು ಹಾಗೇ ಇದೆಯಲ್ಲ" ಎಂದು ನಾನು ಎಷ್ಟು ಸಲ ಹೇಳಿದೆನೋ!

"ಬದಲಾಯಿಸ್ಬೇಕಪ್ಪ. ಇದೊಂದು ಕೆಲಸ ಮುಗೀಲಿ."

ಕೆಲಸ ಮುಗಿದರೆ ಸೆಖೆ. ಸೆಖೆ ಇಳಿದರೆ ಮಂಡಿನೋವು. ವಕೀಲರ ಕಚೇರಿ ಎಷ್ಟು ದೂರ? ಬೀದಿಯ ತುದಿಗೆ, ಇನ್ನೂರು ಹೆಜ್ಜೆ! ಒಂದು ಸಲ ಒತ್ತಾಯ ಮಾಡಿದ್ದಕ್ಕೆ ಸಿಡುಕಿದರು: "ನಾನ್ಯಾವಾಗ ಸಾಯ್ತೀನೋ ಅಂತ ಕಾಯ್ತಿದೀಯೇನೋ?" ಅಂದಿನಿಂದ ನಾನು ಬಾಯಿ ಮುಚ್ಚಿಕೊಂಡೆ. ಮುಚ್ಚಿಕೊಳ್ಳಬಾರದಿತ್ತು.

ಅವಳಿಗೂ ಹೇಳಿ ನೋಡಿದೆ.

"ನಾನು ಹೇಗಣ್ಣಾ ಕೇಳೋದು? ಆಸ್ತಿಗೆ ಬಾಯಿ ಬಿಡ್ತಾಳೆ ಅಂದ್ಕೊಂಡ್ರೆ? ಮಾವಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಎದುರಿಗೆ ಕೂತು ಅವಳು ಬೆರಳು ಸವೆಸುವುದನ್ನು ಹದಿನೇಳು ವರ್ಷ ನೋಡಿದ ಮನುಷ್ಯನಿಗೆ ಗೊತ್ತಿರಲಿಲ್ಲವೆಂದರೆ ಯಾರು ನಂಬುತ್ತಾರೆ?

ಒಂದು ಬೆಳಿಗ್ಗೆ ಸ್ಟೂಲಿನ ಮೇಲೆ ಕೂತಲ್ಲೇ ಯಜಮಾನರ ಉಸಿರು ನಿಂತಿತು. ಎರಡು ವಾರ ಕಳೆದ ಮೇಲೆ ಹಿರಿಯ ಮಗ ಬೀರು ತೆಗೆದ, ಹಾಳೆ ಸಿಕ್ಕಿತು. ಆ ಹೊತ್ತು ನಾನೂ ಅಲ್ಲೇ ಇದ್ದೆ.

"ಭಾವ, ಇದು ಬರೆದಾಗ ನಾನು ಈ ಮನೆಗೇ ಬಂದಿರ್ಲಿಲ್ಲ" ಎಂದಳು ಅವಳು. "ಮಗಳು ಹುಟ್ಟಿರ್ಲಿಲ್ಲ."

"ನಿಜಾನಮ್ಮ. ಆದ್ರೆ ಬದಲಾಯಿಸೋಕೆ ಅಪ್ಪಂಗೆ ಇಪ್ಪತ್ತಮೂರು ವರ್ಷ ಇತ್ತಲ್ಲ? ಬೇಕಾಗಿದ್ರೆ ಬದಲಾಯಿಸ್ತಿದ್ರು. ನಾನೇನು ಕದ್ದಿಲ್ಲವಲ್ಲ."

ಅವನ ಬಾಯಿಗೆ ಆ ಮಾತು ಕೊಟ್ಟವರು ಅವನ ಅಪ್ಪನೇ.

ಮಗಳ ಹಟಕ್ಕೆ ಬಿಗಿಯಕ್ಕ ಕೋರ್ಟಿಗೆ ಹೋದಳು. ಉಯಿಲಿಗೆ ಸಾಕ್ಷಿ ಹಾಕಿದ್ದ ಇನ್ನೊಬ್ಬರು ಬದುಕಿರಲಿಲ್ಲ, ಉಳಿದವನು ನಾನೊಬ್ಬನೇ. ವಿಚಾರಣೆಯ ಹಿಂದಿನ ದಿನ ಅಂಗಡಿಗೆ ಹೋಗಿ ಮೆಲ್ಲಗೆ ಕೇಳಿದೆ: "ನೆನಪಿಲ್ಲ ಅಂದುಬಿಡ್ಲೇನಮ್ಮ?"

ಅವಳು ದಾರ ಎಳೆಯುವುದನ್ನು ನಿಲ್ಲಿಸಿದಳು. "ಬೇಡಣ್ಣಾ. ಮಾವ ಬರೆದಿದ್ದು ನಿಜ. ಅದನ್ನ ಸುಳ್ಳು ಮಾಡಿ ಇಲ್ಲಿ ಕೂರೋದು ನನ್ನಿಂದಾಗಲ್ಲ."

ಮರುದಿನ ಹಿರಿಯನ ವಕೀಲ ಹಾಳೆ ತೋರಿಸಿ ಕೇಳಿದ: "ಈ ರುಜು ನಿಮ್ದೇನಾ?"

"ಹೌದು."

"ಅವರು ನಿಮ್ಮೆದುರೇ ರುಜು ಹಾಕಿದ್ರಾ?"

"ಹಾಕಿದ್ರು. ಆದ್ರೆ ಸ್ವಾಮಿ, ಬದಲಾಯಿಸ್ತೀನಿ ಅಂತ ನನ್ನ ಹತ್ರ ಎಷ್ಟೋ ಸಲ..."

"ಬದಲಾಯಿಸಿದ್ರಾ?"

"ಇಲ್ಲ."

"ಅಷ್ಟೇ ಸಾಕು."

ನ್ಯಾಯಾಧೀಶರು ಕೆಟ್ಟವರಲ್ಲ. ಬಿಗಿಯಕ್ಕನ ಕಡೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಮನಸ್ಸಿನಲ್ಲಿದ್ದದ್ದನ್ನು ಓದುವುದು ನ್ಯಾಯಾಲಯದಿಂದ ಆಗುವುದಿಲ್ಲ, ಕಾಗದದಲ್ಲಿದ್ದದ್ದನ್ನು ಮಾತ್ರ ಓದಬಹುದು ಎಂದರು. ತೀರ್ಪು ಹಿರಿಯ ಮಗನ ಕಡೆಗೇ ಆಯಿತು.

ಕಟಿಂಗ್ ಮಷೀನನ್ನು ನಾಲ್ಕು ಜನ ಹೊತ್ತು ಲಾರಿಗೆ ಏರಿಸಿದರು. "ನಿನ್ನ ಕೈಯ ಸಣ್ಣಪುಟ್ಟ ಸಾಮಾನೆಲ್ಲ ತಗೊಂಡು ಹೋಗಮ್ಮ" ಎಂದ ಭಾವ, ದೊಡ್ಡ ಉಪಕಾರ ಮಾಡಿದವನಂತೆ. ಅವನು ಹೊರಟ ಮೇಲೆ ಬಿಗಿಯಕ್ಕ ಖಾಲಿ ಅಂಗಡಿಯ ನಡುವೆ ನಿಂತಳು. ಅಷ್ಟು ವರ್ಷದಲ್ಲಿ ಅವಳ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಒಂದು ಮಧ್ಯಾಹ್ನ ಸಾಕಾಗಿತ್ತಲ್ಲ ಮಾವ! ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಿದ್ನಲ್ಲ! ನನ್ನನ್ನ ಮಗಳು ಮಗಳು ಅಂತ ಊರಿಗೆಲ್ಲ ಹೇಳ್ತಿದ್ರಿ. ಒಂದು ಸಾಲು ಬರೆಯೋಕೆ ಏನಾಗಿತ್ತು ನಿಮಗೆ?"

ಮಗಳು ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದಳು.

ಹಿಟ್ಟಿನ ಗಿರಣಿಯ ಹಿಂದೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಗೋಡೆಯ ಮೇಲೆಲ್ಲ ಹಿಟ್ಟಿನ ಧೂಳು. ದಿನಕ್ಕೆರಡು ಸಲ ಒರೆಸದಿದ್ದರೆ ಅಂಟಿಗೆ ಮೆತ್ತಿಕೊಳ್ಳುತ್ತಿತ್ತು. ಕತ್ತರಿಸುವುದಕ್ಕೆ ಬೇರೆಯವರ ಪ್ರೆಸ್ಸಿಗೆ ಹೊತ್ತೊಯ್ಯಬೇಕು. ಲೈಬ್ರರಿಯ ಪುಸ್ತಕಗಳನ್ನು ಅಲ್ಲಿಗೇ ಕಳಿಸತೊಡಗಿದೆ. ಹದಿನೈದು ದಿನಕ್ಕೆ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು.

"ನಡೀರಣ್ಣಾ, ಸಾಕ್ಷಿ ಹಾಕ್ಬೇಕು. ಉಯಿಲು ಬರೆಸ್ತಿದೀನಿ."

"ಈಗ ಏನಿದೆ ಅಂತ ಬರೆಸ್ತೀಯಮ್ಮ?"

"ಏನಿದೆಯೋ ಅದನ್ನೇ. ನನ್ನ ಮಗಳು ನನ್ನ ಮನಸ್ಸಲ್ಲಿ ಏನಿತ್ತು ಅಂತ ಕಂಡೋರ ಮುಂದೆ ನಿಂತು ಹೇಳೋ ಹಾಗಾಗ್ಬಾರದು." ಆಮೇಲೆ ನನ್ನನ್ನೇ ದಿಟ್ಟಿಸಿದಳು. "ನಿಮ್ದು?"

ನನ್ನದು! ಬ್ಯಾಂಕಿನಲ್ಲಿ ನನ್ನ ವಾರಸುದಾರರೆಂದು ಬರೆಸಿದ್ದು ಅಮ್ಮನ ಹೆಸರು. ಅಮ್ಮ ಹೋಗಿ ಹನ್ನೊಂದು ವರ್ಷ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಹೇಳಿದ್ದೇ ತಡ, ಬೆವರಿಳಿಸಿದಳು.

"ಮಾವಂಗೆ ಬುದ್ಧಿ ಹೇಳೋಕೆ ಬರ್ತಿದ್ರಲ್ಲ? ಅತ್ತಿಗೆನೂ ನನ್ನ ಹಾಗೆ ಕಟಕಟೆ ಮುಂದೆ ಕೂರ್ಬೇಕಾ?"

ಅಂದೇ ಬ್ಯಾಂಕಿಗೆ ಹೋಗಿ ಹೆಸರು ಬದಲಾಯಿಸಿದೆ. ಕಾಲು ಗಂಟೆಯ ಕೆಲಸ. ಹೊರಗೆ ಬಂದವನಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು. ಕಾಲು ಗಂಟೆಗೆ ಹೆದರಿ ನಾವು ಹೆಂಡತಿ ಮಕ್ಕಳ ತಲೆಯ ಮೇಲೆ ಎಷ್ಟು ವರ್ಷದ ಗೋಳು ಹೊರಿಸುತ್ತೇವಲ್ಲ!

ಈ ವರ್ಷ ಮಗಳಿಗೆ ಮದುವೆಯಾಯಿತು. ಮರುವಾರವೇ ಬಿಗಿಯಕ್ಕ ವಕೀಲರ ಕಚೇರಿಯಲ್ಲಿದ್ದಳು.

"ಮೂರನೇ ಸಲ ಬರ್ತಿದೀರಲ್ಲಮ್ಮ" ಎಂದು ವಕೀಲರು ನಕ್ಕರು. "ನಿಮಗಿನ್ನೂ ಐವತ್ತೂ ಆಗಿಲ್ಲ."

"ನಗ್ಬೇಡಿ, ಬರೀರಿ" ಎಂದಳು ಅವಳು. "ಮೊಮ್ಮಗು ಹುಟ್ಟಿದ್ರೆ ನಾಲ್ಕನೇ ಸಲಾನೂ ಬರ್ತೀನಿ."