ನಾಲ್ಕು ಮೂಲೆಯ ಅರಿಶಿಣ

"ಕಾರ್ಡು ಹಾಳಾಗಿದೆ. ನಾಲ್ಕೂ ಮೂಲೆಗೆ ಹಳದಿ ಕಲೆ. ನಡುವೆ ತೂತು. ನೋಡಿಕೊಂಡು ಕೊಳ್ಳಿ, ವಾಪಸ್ ಇಲ್ಲ."

ಆನ್‌ಲೈನ್‌ನಲ್ಲಿ ಹಳೆಯ ಪೋಸ್ಟ್‌ಕಾರ್ಡು ಮಾರುವ ಪುಣ್ಯಾತ್ಮನೊಬ್ಬ ಫೋಟೋದ ಕೆಳಗೆ ಹೀಗೆ ಬರೆದಿದ್ದ. ಓದಿ ಒಬ್ಬಳೇ ನಕ್ಕೆ. ಯಾವ ದೂರದ ಊರವನೋ, ಪಾಪ. ನಮ್ಮ ಕಡೆಯವನಾಗಿದ್ದರೆ ಈ ಮಾತು ಬರೆಯುತ್ತಿದ್ದನೇ?

ನಿಮಗೆ ಗೊತ್ತಿರುವುದೇ. (ಗೊತ್ತಿಲ್ಲದ ಚಿಕ್ಕವರಿಗೆ ಹೇಳುತ್ತೇನೆ, ದೊಡ್ಡವರು ಈ ಪ್ಯಾರಾ ದಾಟಿಕೊಳ್ಳಿ.) ಶುಭ ಸುದ್ದಿಯ ಕಾಗದಕ್ಕೆ ನಾಲ್ಕು ಮೂಲೆಗೂ ಅರಿಶಿಣ ಹಚ್ಚಿ ಅಂಚೆ ಡಬ್ಬಿಗೆ ಹಾಕುತ್ತಿದ್ದರು. ಓದು ಬಾರದವರಿಗೂ ಮೂಲೆ ಕಂಡ ಕೂಡಲೇ ಜೀವ ತಣ್ಣಗಾಗುತ್ತಿತ್ತು. ಓದಿದ ಮೇಲೆ ಅದನ್ನು ತೊಲೆಗೆ ಇಳಿಬಿಟ್ಟ ಕೊಕ್ಕೆಯ ತಂತಿಗೆ ಚುಚ್ಚಿ ಇಡುತ್ತಿದ್ದರು. ಸಾವಿನ ಕಾಗದ ಮಾತ್ರ ಆ ತಂತಿ ಏರುತ್ತಿರಲಿಲ್ಲ. ಹೊಸ್ತಿಲ ಆಚೆಯೇ ಓದಿ, ಹರಿದು ಒಗೆದುಬಿಡುತ್ತಿದ್ದರು.

ಅಂದರೆ ಆ ಕಲೆ, ಆ ತೂತು ಎರಡೂ ಕಾರ್ಡು ಮರ್ಯಾದೆಯಿಂದ ಬಾಳಿದ್ದಕ್ಕೆ ಸಾಕ್ಷಿ. ಇಷ್ಟೆಲ್ಲ ಗೊತ್ತಿದ್ದೂ ನಾನೇನು ಮಾಡಿದೆ? "ಹೌದು, ಬಹಳ ಹಾಳಾಗಿದೆ, ಇನ್ನಷ್ಟು ಬಿಟ್ಟು ಕೊಡಿ" ಎಂದು ಮೆಸೇಜು ಹಾಕಿದೆ. ಕೊಟ್ಟ! (ಚೌಕಾಸಿ ನಮ್ಮ ರಕ್ತದಲ್ಲೇ ಇದೆ, ಏನು ಮಾಡಲಿ?)

ಈ ಚಟ ನನಗೆ ಅಂಟಿ ಎರಡು ವರ್ಷವಾಯಿತು. ಮೊದಮೊದಲು ಗುಡಿ-ಗೋಪುರದ ಚಿತ್ರವಿರುವ ಅಂದದ ಕಾರ್ಡು ಕೊಳ್ಳುತ್ತಿದ್ದೆ. ಆಮೇಲೆ ಬರವಣಿಗೆ ತುಂಬಿದ ಬಡಪಾಯಿ ಹಳದಿ ಕಾರ್ಡುಗಳೇ ರುಚಿಸತೊಡಗಿದವು. "ಮಂದಿ ಮನಿ ಕಾಗದ ಓದೋ ಚಟಕ್ಕ ಯಾರರ ಔಷಧಿ ಕಂಡುಹಿಡದಾರೇನು?" ಎಂದು ನಮ್ಮ ಯಜಮಾನರು ಕೇಳುತ್ತಲೇ ಇರುತ್ತಾರೆ. ನಾನು ಕೇಳಿಸದವಳಂತೆ ಆಲ್ಬಮ್ಮಿನ ಹಾಳೆ ತಿರುವುತ್ತೇನೆ.

ವಾರದಲ್ಲಿ ಕಾರ್ಡು ಕೊಪ್ಪಳದ ನಮ್ಮ ಮನೆಗೆ ಬಂತು. ವಿಳಾಸ ನೋಡಿ ಕುಣಿಯುವಂತಾಯಿತು. ಚೆನ್ನಬಸಪ್ಪ, ಅರಿವೆ ಅಂಗಡಿ, ಕುಷ್ಟಗಿ, ಜಿಲ್ಲಾ ರಾಯಚೂರು. ನಾವೆಲ್ಲ ಇನ್ನೂ ರಾಯಚೂರು ಜಿಲ್ಲೆಯವರಾಗಿದ್ದ ಕಾಲದ್ದು! ಎಲ್ಲಿಂದ ಹೊರಟು, ಯಾವ ಯಾವ ರದ್ದಿ ಅಂಗಡಿ ಸುತ್ತಿ, ಮತ್ತೆ ಇಲ್ಲಿಗೇ ಬಂದಿದೆ. ಹಿಂದೆ ನೀಲಿ ಮಸಿಯಲ್ಲಿ ಹೀಗಿತ್ತು:

"ಚಿ. ಅಳಿಯಂದಿರಾದ ಚೆನ್ನಬಸಪ್ಪನವರಿಗೆ ಇಟಗಿಯಿಂದ ನಿಮ್ಮ ಮಾವನ ಆಶೀರ್ವಾದಗಳು. ಇತ್ತ ಕ್ಷೇಮ. ತರುವಾಯ, ನಿನ್ನೆ ಸೋಮವಾರ ಕೋಳಿ ಕೂಗುವ ಹೊತ್ತಿಗೆ ಮಗಳು ಹಡೆದಳು. ನಾಲ್ಕನೆಯದೂ ಹೆಣ್ಣು ಕೂಸು. ತಾಯಿ, ಕೂಸು ಆರಾಮ. ಕೂಸಿಗೆ ನಿಮ್ಮದೇ ಅಗಲ ಹಣೆ. ತೊಟ್ಟಿಲಿಗೆ ತಪ್ಪದೆ ಬರುವುದು."

ಅಷ್ಟೇ. ಆ 'ಅಗಲ ಹಣೆ' ಓದಿ ನನಗೆ ಆ ಅಜ್ಜನ ಮೇಲೆ ಪ್ರೀತಿ ಉಕ್ಕಿತು.

ಯಜಮಾನರು ಹುಟ್ಟಿ ಬೆಳೆದದ್ದು ಕುಷ್ಟಗಿಯಲ್ಲಿ. ಕಾರ್ಡು ನೋಡಿದ್ದೇ ಅವರ ಚೇಷ್ಟೆ ನಿಂತಿತು. "ಅಲಲಾ! ಇದು ನಮ್ಮ ಅರಿವಿ ಅಂಗಡಿ ಚೆನ್ನಬಸಪ್ಪಜ್ಜಂದು. ರಸ್ತೆ ಅಗಲ ಮಾಡುಮುಂದ ಅಂಗಡಿ ಕೆಡವ್ಯಾರ. ಅವರ ಮಗಳು ನೀಲವ್ವ ಅದಾಳ ನೋಡು, ಬಸ್‌ ಸ್ಟ್ಯಾಂಡ್ ಹತ್ರ ಖಾನಾವಳಿ ನಡಸ್ತಾಳ."

"ತೋರಿಸಿಕೊಂಡು ಬರ್ತೀನಿ. ಕೊಡೂದಿಲ್ಲ ಮತ್ತ" ಎಂದೆ. ಆಲ್ಬಮ್ಮಿನಲ್ಲಿ ಅದಕ್ಕೆ ಮೊದಲ ಹಾಳೆ ಖಾಲಿ ಮಾಡಿಟ್ಟಿದ್ದೆ.

ನಾನು ಹೋದಾಗ ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ನೀಲವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಅರವತ್ತು ದಾಟಿದ ಹೆಂಗಸು, ಕೈ ಮಾತ್ರ ಇಪ್ಪತ್ತರದು. ಹಣೆ ನೋಡಿದೆ. ಅಗಲ! ಆದರೂ ನಾಲ್ವರೂ ಅಕ್ಕತಂಗಿಯರ ಹಣೆ ಅಗಲವೇ ಇದ್ದರೆ ಏನು ಹೇಳಲು ಬಂತು?

"ಬರ್ರಿ ಯವ್ವಾ, ಕುಂದರ್ರಿ. ಎಣ್ಣಿಗಾಯಿ ಮುಗದೈತಿ, ಪುಂಡಿಪಲ್ಯ ಐತಿ, ಹಾಕ್ಲೇನು?" ಎಂದರು.

ಯಾರ ಮನೆಯ ಸೊಸೆ ನಾನು ಎಂದು ಹೇಳಿ ಕಾರ್ಡು ಮುಂದೆ ಹಿಡಿದೆ. ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿದರು. ಕನ್ನಡಕ ಇರಲಿಲ್ಲ, ಆದರೆ ಮೂಲೆಯ ಹಳದಿಗೆ ಕನ್ನಡಕ ಯಾಕೆ ಬೇಕು?

"ನಿಮ್ಮಪ್ಪಾರಿಗೆ ಬಂದ ಕಾಗದ್ರಿ. ಹೆಣ್ಣು ಹುಟ್ಟಿದ ಸುದ್ದಿ" ಎಂದೆ.

"ಹಂಗಾರ ನಮ್ಮ ಅಕ್ಕಗೋಳದ್ದು ಯಾರದರ ಇರಬೇಕು. ನಂದಂತೂ ಅಲ್ಲ ಬಿಡ್ರಿ" ಎಂದು ಮತ್ತೆ ರೊಟ್ಟಿಗೆ ಕೈ ಹಾಕಿದರು.

"ಯಾಕ್ರಿ?"

"ನನ್ನ ಸುದ್ದಿ ಬರೀ ಕಾಗದದಾಗ ಬಂತಂತ್ರಿ. ಅರಿಷಿಣ ಇಲ್ಲ, ಏನಿಲ್ಲ. ಅಪ್ಪ ಹೊಸ್ತಿಲದಾಗ ನಿಂತು ಓದಿ, ಅಲ್ಲೇ ಹರದು ಒಗದನಂತ. ನಮ್ಮ ಆಯಿ, ಅಪ್ಪನ ಅವ್ವ, ಹೇಳ್ತಿದ್ಲು. ನಾ ಒಂದು ಹೊಸ ಲಂಗ ಬೇಡಿದ್ರ ಸಾಕು, 'ಅರಿಷಿಣ ಇಲ್ಲದ ಕಾಗದದಾಗ ಬಂದಾಕಿ, ನಿಂದೇನ ದಿಮಾಕು?' ಅಂತಿದ್ಲು." ನಗುತ್ತಲೇ ಹೇಳಿದರು. ಕೈ ಮಾತ್ರ ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿಯಿತು.

ಹುಟ್ಟಿದ ಸುದ್ದಿಗೆ ಸಾವಿನ ಸುದ್ದಿಯ ಗತಿ! ಒಂದು ಮಗುವಿಗೆ ಹೇಳುವ ಮಾತೇ ಇದು?

"ನಿಮ್ಮಪ್ಪಾರ್ನ ಒಮ್ಮೆರ ಕೇಳಬೇಕಿತ್ತು, ಖರೇನೋ ಸುಳ್ಳೋ ಅಂತ."

ನೀಲವ್ವ ನನ್ನನ್ನೇ ನೋಡಿದರು. "ಕೇಳಿ, ಅವನು ಖರೇ ಅಂದಿದ್ರ?"

ನಾವೆಲ್ಲ ಹೀಗೇ ಅಲ್ಲವೇ? ಯಾರೋ ಸಿಟ್ಟಿನಲ್ಲಿ ಆಡಿದ ಒಂದು ಮಾತು. ಆಡಿದವರು ಅಂದೇ ಮರೆತು ಉಂಡು ಮಲಗಿರುತ್ತಾರೆ. ನಾವು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಅರವತ್ತು ವರ್ಷ ತಿರುಗುತ್ತೇವೆ. ಗಂಟು ಬಿಚ್ಚಿ ನೋಡಲು ಭಯ. (ನನ್ನ ಸೆರಗಿನಲ್ಲೂ ಒಂದೆರಡು ಇವೆ. ಅದು ಇವತ್ತಿನ ವಿಷಯವಲ್ಲ.)

"ನೀಲವ್ವಾರ, ನೀವು ಎಷ್ಟನೇದವರು?"

"ನಾಲ್ಕನೇಯಾಕಿ. ನನ್ನ ಬೆನ್ನಿಗೆ ಯಾರೂ ಹುಟ್ಟಲಿಲ್ಲ."

ನಾನು ಕಾರ್ಡು ಎತ್ತಿಕೊಂಡು ಗಟ್ಟಿಯಾಗಿ ಓದಿದೆ. ಅಳಿಯಂದಿರಿಗೆ ಆಶೀರ್ವಾದ. ಸೋಮವಾರ. ಕೋಳಿ ಕೂಗುವ ಹೊತ್ತು. 'ನಾಲ್ಕನೆಯದೂ ಹೆಣ್ಣು ಕೂಸು' ಎನ್ನುವಾಗ ಬಡಿಯುವ ಸದ್ದು ನಿಂತಿತು. 'ನಿಮ್ಮದೇ ಅಗಲ ಹಣೆ' ಎನ್ನುವಾಗ ಹಿಟ್ಟಿನ ಕೈ ತಾನಾಗಿ ಹಣೆಗೆ ಹೋಯಿತು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾಡಿತು. ಇಬ್ಬರೂ ತೆಗೆಯಲಿಲ್ಲ.

"ಇನ್ನೊಮ್ಮೆ ಓದ್ರಿ."

ಓದಿದೆ. ಮೂರನೆಯ ಸಲವೂ ಓದಿದೆ.

ನೀಲವ್ವ ಕೈ ತೊಳೆದು, ಸೆರಗಿಗೆ ಒರೆಸಿ ಕಾರ್ಡು ಈಸಿಕೊಂಡರು. ನಡುವಿನ ತೂತಿನ ಮೇಲೆ ಬೆರಳಿಟ್ಟರು. "ಇದು ಅಂಗಡಿ ತಂತೀದು. ಗಲ್ಲೆ ಮ್ಯಾಲ ತೊಲಿಗೆ ಇಳಿಬಿಟ್ಟಿದ್ದ ಅಪ್ಪ. ನಾ ದಿನಾ ಸಾಲಿ ಬಿಟ್ಟು ಬಂದು ಅದರ ಕೆಳಗ ಕುಂತು ಮಗ್ಗಿ ಬರೀತಿದ್ದೆ." ತಲೆ ಎತ್ತಿ ಮೇಲೆ ನೋಡಿದರು. "ನನ್ನ ತಲಿ ಮ್ಯಾಲನ ಇತ್ತಲ್ಲ ಯವ್ವಾ! ಇಟಗಿ ಮುತ್ಯಾ ಅರಿಷಿಣ ಹಚ್ಚಿದ್ದ. ಅಪ್ಪ ಹರದಿರಲಿಲ್ಲ. ಚುಚ್ಚಿ ಇಟ್ಟಿದ್ದ."

ಅತ್ತರು. ನಾನೂ ಅತ್ತೆ, ನಾಚಿಕೆ ಏನು ಬಂತು? ಆಮೇಲೆ ಅವರು ಮೂಗು ಒರೆಸಿಕೊಂಡು ನಕ್ಕರು. "ಸುಳ್ಳ ಹೇಳೇ ಸತ್ತಳು ನೋಡ್ರಿ ಮುದುಕಿ! ಮ್ಯಾಲ ಸಿಗಲಿ, ಜುಟ್ಟ ಹಿಡದ ಕೇಳ್ತೀನಿ."

ಕಾರ್ಡು ವಾಪಸ್ ಕೇಳುವ ಧೈರ್ಯ ನಿಮಗಿದ್ದರೆ ಹೇಳಿ. ನನಗಂತೂ ಆಗಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ನೀಲವ್ವ ಮಸಾಲೆ ಡಬ್ಬಿ ತೆಗೆದರು. ಚಿಟಿಕೆ ಅರಿಶಿಣಕ್ಕೆ ನೀರು ಹನಿಸಿ, ಕಾರ್ಡಿನ ಮೂಲೆಗೆ ಬೆರಳು ಒಯ್ದರು. "ಅಯ್ಯಯ್ಯ, ಬ್ಯಾಡ್ರಿ, ಹಳೇ ಕಾರ್ಡು ಹಾಳಾಗ್ತೈತಿ!" ಎಂದು ನನ್ನೊಳಗಿನ ಸಂಗ್ರಾಹಕಿ ಚೀರಿಯೇಬಿಟ್ಟಳು.

"ಯಾತರ ಹಳೇದ್ರಿ? ನನಗ ಇವತ್ತ ಬಂದೈತಿ" ಎಂದು ನಾಲ್ಕೂ ಮೂಲೆಗೆ ಹಚ್ಚಿದರು. ಗೋಡೆಯ ಮೊಳೆಗೆ ಅದೇ ತೂತಿನಿಂದ ಸಿಗಿಸಿದರು. ನಾನು ಹತ್ತು ರೊಟ್ಟಿಯ ಕಟ್ಟು ಹಿಡಿದು ಬಸ್ಸು ಹತ್ತಿದೆ.

ಊರು ದಾಟುವಾಗ ಮೊಬೈಲು ಕುಂಯ್ ಎಂದಿತು. ಮಾರಾಟದ ಆ್ಯಪ್ ಕೇಳುತ್ತಿತ್ತು: ನೀವು ಕೊಂಡ ವಸ್ತು ಯಾವ ಸ್ಥಿತಿಯಲ್ಲಿ ತಲುಪಿತು? ಹೊಸದು, ಹಳೆಯದು, ಹಾಳಾದದ್ದು, ಒಂದನ್ನು ಆರಿಸಿ.

'ಹೊಸದು' ಒತ್ತಿದೆ. ಸುಳ್ಳೇ?