ಮಾಳಿಗೆಯ ಮೇಲಿನ ದಾರಿ

ಕೊಂಡ್ಲಹಳ್ಳಿಗೆ ಬಂದ ಮೊದಲ ದಿನ ಊಟಕ್ಕೆ ಕೂತಿದ್ದೆ. ತಟ್ಟೆಗೆ ಮಣ್ಣು ಉದುರಿತು. ತಲೆಯ ಮೇಲೆ ಯಾರೋ ದಪದಪ ನಡೆಯುತ್ತಿದ್ದರು. ಕತ್ತೆತ್ತಿ ನೋಡುತ್ತೇನೆ, ಛಾವಣಿಯ ಚೌಕದ ಕಿಂಡಿಯಲ್ಲಿ ಒಂದು ಮುಖ!

"ಉಂಡೇನವ್ವ?" ಎಂದಿತು ಮುಖ.

ನಾನು ಕಿಟಾರನೆ ಕಿರುಚಿದೆ. ಮನೆಯ ಒಡತಿ ತಿಪ್ಪಮ್ಮ ಹೊಟ್ಟೆ ಹಿಡಿದು ನಕ್ಕರು. "ಪಕ್ಕದ್ಮನೆ ಓಬಮ್ಮ ಕಣವ್ವ. ಹಿಂಗೇ ಬರ್ತಾಳೆ ಅವ್ಳು."

ಕುಂದಾಪುರದ ಓದುಗರೇ, ನಮ್ಮ ಕಡೆ ಛಾವಣಿಯ ಮೇಲೆ ಓಡಾಡುವುದು ಕಾಗೆ, ಬೆಕ್ಕು, ಇಲ್ಲವೇ ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಲು ಬರುವ ಆಳು. ಇಲ್ಲಿ ಛಾವಣಿಯೇ ಅಂಗಳ. ದಪ್ಪ ಗೋಡೆ, ಕಲ್ಲಿನ ಕಂಬ, ಮರದ ತೊಲೆ, ಅದರ ಮೇಲೆ ನೀರು ಇಳಿಯಗೊಡದ ಚೌಳು ಮಣ್ಣು. ಇದಕ್ಕೆ ಮಾಳಿಗೆ ಮನೆ ಎನ್ನುತ್ತಾರೆ. ಬೆಳಕಿಗೂ ಹೊಗೆಗೂ ಬಿಟ್ಟ ಆ ಕಿಂಡಿ ಗವಾಕ್ಷಿ. ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿರುವುದರಿಂದ ಮಾಳಿಗೆಯಿಂದ ಮಾಳಿಗೆಗೆ ನಡೆದೇ ಹೋಗಬಹುದು. ಶೇಂಗಾ ಒಣಗುವುದು, ಜಗಳ ಹುಟ್ಟುವುದು, ಬೇಸಿಗೆಯಲ್ಲಿ ಮಲಗುವುದು ಎಲ್ಲ ಅಲ್ಲೇ.

ನಾನು ಆರ್ಕಿಟೆಕ್ಟ್. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹಳೆಯ ಶಾಲೆಗಳ ದುರಸ್ತಿ ಕೆಲಸಕ್ಕೆ ಬಂದವಳು. ನಿಮಗೆ ಇಷ್ಟವಾದ ಕಟ್ಟಡ ಯಾವುದು ಎಂದು ಯಾರು ಕೇಳಿದರೂ ಮೂಡುಬಿದಿರೆಯ ಬಸದಿ, ವಿಜಯಪುರದ ಗುಮ್ಮಟ ಎಂದು ಪಟಪಟ ಹೇಳುತ್ತಿದ್ದೆ. ಅವುಗಳೊಳಗೆ ನಿಂತಾಗ ಎದೆ ತುಂಬಿ ಬಂದದ್ದು ಸುಳ್ಳಲ್ಲ. ಆದರೆ ಅಲ್ಲಿ ಯಾರೂ ನನ್ನನ್ನು ಉಂಡೆಯಾ ಎಂದು ಕೇಳಿರಲಿಲ್ಲ.

ಮೊದಲ ತಿಂಗಳು ಅಳುವೇ ಬರುತ್ತಿತ್ತು. ಕುಚ್ಚಲಕ್ಕಿ ಗಂಜಿಯ ನಾಲಿಗೆಗೆ ಮುದ್ದೆ ಇಳಿಯದು. ನಾನು ಜಗಿಯುವುದನ್ನು ನೋಡಿ ಓಬಮ್ಮ, "ಅಯ್ಯೋ, ನುಂಗೇ ತಾಯಿ! ಮುದ್ದೆಗೆ ಯಾಕೆ ಹಲ್ಲು?" ಎಂದು ಗವಾಕ್ಷಿಯಿಂದಲೇ ಪಾಠ ಮಾಡುತ್ತಿದ್ದರು. ಕನ್ನಡದಲ್ಲಿ ಶುರುವಾದ ಅವರ ಬೈಗುಳ ತೆಲುಗಿನಲ್ಲಿ ಮುಗಿಯುತ್ತಿತ್ತು. ನನಗೆ ಅರ್ಧವೇ ಅರ್ಥವಾಗುತ್ತಿತ್ತು, ಅದೇ ಪುಣ್ಯ.

ಒಂದು ಸಂಜೆ ಮಾಳಿಗೆಗಳ ಮೇಲೆಲ್ಲ ಕೂಗೆದ್ದಿತು. "ವಾನೊಚ್ಚೆ! ವಾನೊಚ್ಚೆ!" ಮಳೆ ಬಂತು ಎಂಬುದಕ್ಕೆ ತೆಲುಗು. ಹೆಂಗಸರು ಓಡಾಡಿ ಗವಾಕ್ಷಿಗಳ ಮೇಲೆ ಚಪ್ಪಡಿ ಎಳೆಯುತ್ತಿದ್ದರು. ತಮ್ಮದಷ್ಟೇ ಅಲ್ಲ, ಮನೆಯಲ್ಲಿ ಇಲ್ಲದವರದ್ದೂ. ಮಳೆಯ ಊರಿನಿಂದ ಬಂದ ನಾನು ಪೆದ್ದುಪೆದ್ದಾಗಿ ಕೆಳಗೆ ಕೂತಿದ್ದೆ, ನನ್ನ ತಲೆಯ ಮೇಲಿನ ಬೆಳಕನ್ನು ಯಾರೋ ಮುಚ್ಚಿಹೋದರು.

ಮುಂದಿನ ಮಳೆ ಬಂದಾಗ ಓಬಮ್ಮ ಚಳ್ಳಕೆರೆ ಸಂತೆಗೆ ಹೋಗಿದ್ದರು. ನಾನೇ ಏಣಿ ಹತ್ತಿ ಓಡಿ ಅವರ ಗವಾಕ್ಷಿ ಮುಚ್ಚಿದೆ. ಮಾರನೆಯ ದಿನ ನನ್ನ ಕೋಣೆಯೊಳಕ್ಕೆ ಹಗ್ಗದಲ್ಲಿ ಒಂದು ಗಂಟು ಇಳಿಯಿತು. ಬಿಸಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಯಾವ ಪದವಿ ಪಡೆದಾಗಲೂ ನಾನು ಅಷ್ಟು ಬೀಗಿರಲಿಲ್ಲ.

ಹೀಗಿರುವಾಗ ತಿಪ್ಪಮ್ಮ ಬಾಂಬು ಹಾಕಿದರು. "ಈ ಮನೆ ಕೆಡವಿ ಆರ್‌ಸಿಸಿ ಕಟ್ಟಿಸ್ತೀನಿ. ನೀನೇ ಪ್ಲಾನ್ ಹಾಕ್ಕೊಡವ್ವ."

"ಇಂಥ ಮನೆ ಯಾರಾದ್ರೂ ಒಡೀತಾರಾ?" ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

"ನೋಡಾಕೆ ಚೆಂದ ಐತೆ. ವರ್ಸಾ ಮ್ಯಾಕೆ ಮಣ್ಣು ಹೊರೋಳು ನಾನಾ, ನೀನಾ? ಮೊನ್ನೆ ತೊಲೆಯಿಂದ ಚೇಳು ಬಿತ್ತಲ್ಲ, ನಿನ್ ಮೈಮ್ಯಾಲೆ ಬಿದ್ದಿದ್ರೆ ಗೊತ್ತಾಗ್ತಿತ್ತು!"

ನಾನು ಪೆನ್ಸಿಲ್ ಹಿಡಿದೆ. ರಸ್ತೆ ಎತ್ತರವಾಗಿ ಬೀದಿಯ ನೀರು ಒಳಗೆ ನುಗ್ಗುತ್ತಿತ್ತು, ಹಾಗಾಗಿ ತಳಪಾಯ ಏರಿಸಲೇಬೇಕಿತ್ತು. ತಳಪಾಯದ ಜತೆ ಛಾವಣಿಯೂ ಏರಿತು. ನಕ್ಷೆಯನ್ನು ಮಾಳಿಗೆಯ ಮೇಲೆ ಹರಡಿ ಇಬ್ಬರಿಗೂ ವಿವರಿಸಿದೆ. ಓಬಮ್ಮ ನಕ್ಷೆಯ ಗೋಡೆಯನ್ನು ಬೆರಳಲ್ಲಿ ಅಳೆದರು.

"ನಿಮ್ದು ಇಷ್ಟೆತ್ರ ಆದ್ರೆ ನಾನು ಹೆಂಗೆ ಬರ್ಲಿ?" ಎಂದರು.

"ಬೀದಿ ಕಡೆಯಿಂದ ಬಾರೇ," ಎಂದರು ತಿಪ್ಪಮ್ಮ.

"ಬೀದಿ ಕಡೆಯಿಂದ ಬರಾಕೆ ನಾನೇನು ನೆಂಟ್ಳಾ?"

ಓಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದರು. ಎರಡು ದಿನ ಗವಾಕ್ಷಿಯಲ್ಲಿ ಮುಖ ಕಾಣಲಿಲ್ಲ. ತಿಪ್ಪಮ್ಮ ಮೇಲೆ ನೋಡಿ ನೋಡಿ ಉಂಡರು, ಉಂಡದ್ದೂ ಅಷ್ಟಕ್ಕಷ್ಟೇ. ಹಳೆಯ ಮನೆಯನ್ನು ಉಳಿಸುವ ಹಟ ನನ್ನಲ್ಲಿ ಆಗಲೇ ಕರಗಿತು. ಹೋಗಬಾರದ್ದು ಮಣ್ಣಲ್ಲ, ಆ ದಾರಿ. ಅದು ಹೋದರೆ ಈ ಇಬ್ಬರು ಒಬ್ಬರಿಗೊಬ್ಬರು ನೆಂಟರಾಗಿಬಿಡುತ್ತಾರೆ ಎಂದು ನನಗೆ ಭಯವಾಯಿತು.

ನಕ್ಷೆ ಬದಲಿಸಿದೆ. ಹಿಂಬದಿಯ ಅಡಿಗೆಮನೆಯ ಛಾವಣಿಯನ್ನಷ್ಟೇ ತಗ್ಗಿಸಿ ಓಬಮ್ಮನ ಮಾಳಿಗೆಗೆ ಸಮ ಮಾಡಿದೆ. ಅದರಲ್ಲೊಂದು ಗವಾಕ್ಷಿ ಬಿಟ್ಟೆ. ಅಲ್ಲಿಂದ ಹಿತ್ತಲಿಗೆ ಕೈಹಿಡಿಯಿರುವ ಮೆಟ್ಟಿಲು.

ಮೇಸ್ತ್ರಿ ತಲೆ ಕೆರೆದುಕೊಂಡ. "ಮೇಡಮ್ಮೋರೆ, ಈ ಮೆಟ್ಲು ಹತ್ತಿದ್ರೆ ಪಕ್ಕದ್ಮನೆಗೆ ಹೋಗ್ತೀವಲ್ರಿ!"

"ಹೋಗ್ಲಿ ಬಿಡು, ನಿಂಗೇನು?" ಎಂದರು ತಿಪ್ಪಮ್ಮ.

ಕಟ್ಟಿ ಮುಗಿಯುವವರೆಗೆ ನಾವಿಬ್ಬರೂ ಓಬಮ್ಮನ ಮನೆಯಲ್ಲೇ ಇದ್ದೆವು. ಹಳೆಯ ತೊಲೆಗಳು ಬಿದ್ದ ದಿನ ನಾನು ಅತ್ತೆ, ತಿಪ್ಪಮ್ಮ ಅಳಲಿಲ್ಲ. ಹೊಸ ಮನೆ ಹಳೆಯದರಷ್ಟು ತಂಪಿಲ್ಲ, ಚೆಂದವಂತೂ ಇಲ್ಲವೇ ಇಲ್ಲ. ಓಬಮ್ಮ ಮೊದಲ ದಿನ, "ಥೂ, ಕಾಲು ಸುಡ್ತೈತೆ ನಿನ್ ಸಿಮೆಂಟು!" ಎಂದು ನನ್ನನ್ನು ಬೈದುಕೊಂಡೇ ಬಂದರು. ಬಂದು ಗವಾಕ್ಷಿಯಲ್ಲಿ ಬಗ್ಗಿ, "ಉಂಡೇನೇ ತಿಪ್ಪಿ?" ಎಂದರು. ಈಗ ನನಗೆ ಇಷ್ಟವಾದ ಕಟ್ಟಡ ಯಾವುದು ಎಂದು ಕೇಳಿದರೆ ನಾನು ಹೇಳುವುದು ಆ ಅಡಿಗೆಮನೆಯನ್ನು.

ಈಚೆಗೆ ರಜೆಯಲ್ಲಿ ಕುಂದಾಪುರಕ್ಕೆ ಬಂದಿದ್ದೆ. ಹೆಂಚಿನ ಮೇಲೆ ಮೊದಲ ಮಳೆ ಬಿದ್ದದ್ದೇ ತಡ, ಚಾಪೆಯಿಂದ ಎದ್ದು ಅಂಗಳಕ್ಕೆ ಓಡಿ ಏಣಿ ಹುಡುಕಿದೆ.

"ಎಂತ ಆಯ್ತ್ ಮಾರಾಯ್ತಿ?" ಅಮ್ಮ ಗಾಬರಿಯಾದಳು.

"ಗವಾಕ್ಷಿ..." ಎಂದವಳು ನಾಚಿ ಒಳಗೆ ಬಂದೆ. ಮನಸ್ಸು ತಡೆಯದೆ ತಿಪ್ಪಮ್ಮನಿಗೆ ಫೋನು ಮಾಡಿದೆ.

"ಇಲ್ಲಿ ಒಂದು ಹನಿ ಇಲ್ಲ ಕಣವ್ವ. ಆದ್ರೂ ಮೋಡ ಐತೆ ಅಂತ ಓಬಿ ಬಂದು ಮುಚ್ಚಿ ಹೋದ್ಲು. ನೀನು ಮನೆಗೆ ಯಾವಾಗ ಬರ್ತೀಯಾ?"

"ನಾಳೆ ಬರ್ತೀನಿ ಅವ್ವಾ."

ಫೋನಿಟ್ಟು ತಿರುಗಿದರೆ ಅಮ್ಮ ಹಿಂದೆಯೇ ನಿಂತಿದ್ದಳು. ಅಮ್ಮ ಒಳಗೆ ಹೋಗಿ, ಅರ್ಧ ಒಣಗಿದ ಹಲಸಿನ ಹಪ್ಪಳದ ಮೊರ ತಂದು ನನ್ನ ಮುಂದಿಟ್ಟಳು.

"ಇಲ್ಲಿ ಮಳೆ ಹಿಡೀತ್. ತಕಂಡ್ ಹೋಗ್, ನಿನ್ ಮಾಳಿಗೆ ಮೇಲ್ ಒಣಗ್ಸ್."