ಬೋರೇಗೌಡರ ಕೊನೆಯ ಬ್ಯಾರನ್

ಬೇಡುವ ಮೊದಲೇ ಬೆಳಕನ್ನೂ ಬಿಸಿಯನ್ನೂ ನೀಡುವ, ಕೊಟ್ಟದ್ದನ್ನು ಎಂದೂ ಎತ್ತಿ ಆಡದ ಸವಿತೃದೇವನಿಗೆ ಮೊದಲ ನಮಸ್ಕಾರ. ಈ ಇಳಿವಯಸ್ಸಿನಲ್ಲಿಯೂ ಅವನ ಕಡೆಗೆ ಮುಖಮಾಡಿ ನಿಲ್ಲುವಷ್ಟು ಶಕ್ತಿಯನ್ನು ನನ್ನ ಕಾಲುಗಳಲ್ಲಿ ಉಳಿಸಿರುವ ಅನುಗ್ರಹಕ್ಕೆ ಎರಡನೆಯ ನಮಸ್ಕಾರ. ಬಿಸಿಯನ್ನು ಅಂಗೈಯಿಂದಲೇ ಓದಬಲ್ಲವರೊಬ್ಬರನ್ನು ನನ್ನ ಬೇಲಿಯಾಚೆಗೆ ನೆರೆಯವರನ್ನಾಗಿ ಇರಿಸಿದ ದೈವಕ್ಕೆ ಕೃತಜ್ಞನಾಗಿ, ಅವರನ್ನು ಕುರಿತು ನೆನಪಿರುವಷ್ಟನ್ನು ಬರೆಯುತ್ತೇನೆ.

ರಾವಂದೂರಿನ ಬೋರೇಗೌಡರ ಬಲ ಅಂಗೈ ನೋಡಲು ಹಳೆಯ ಎತ್ತಿನಗಾಡಿಯ ಹಲಗೆಯಂತಿತ್ತು. ನಮ್ಮ ಸೀಮೆಯಲ್ಲಿ ಹೊಗೆಸೊಪ್ಪನ್ನು ಹದಮಾಡುವ ಎತ್ತರದ ಮನೆಗೆ ಬ್ಯಾರನ್ ಎನ್ನುತ್ತಾರೆ. ಕೆಳಗೆ ಒಲೆ ಉರಿಯುತ್ತಿರುತ್ತದೆ. ಮೇಲೆ ಕಡ್ಡಿಗಳಿಗೆ ಕಟ್ಟಿದ ಹಸಿರು ಸೊಪ್ಪು ತೂಗುತ್ತ ಹಳದಿಗೆ ತಿರುಗುತ್ತದೆ. ಗೌಡರು ಹೊರಗೋಡೆಯ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ನಿಂತು, "ಇನ್ನು ಸೌದೆ ಆಕ್ಬೇಡಿ. ಸೊಪ್ಪು ಬಣ್ಣ ಇಡೀತಾ ಅದೆ," ಎನ್ನುವರು. ಆಮೇಲೆ ಒಳಗೆ ತೂಗುಹಾಕಿದ್ದ ಉಷ್ಣಮಾಪಕವನ್ನು ಇಣುಕಿ ನೋಡಿ, "ಮೀಟ್ರು ಸರಿಯಾಗೇ ಅದೆ ಬುಡಿ," ಎಂದು ಅದಕ್ಕೆ ಅರ್ಹತೆಯ ಮುದ್ರೆ ಒತ್ತುವರು. ಸುತ್ತಲಿನ ರೈತರು ಸೊಪ್ಪು ಕೆಡುವ ಭಯ ಬಂದಾಗಲೆಲ್ಲ ಅವರನ್ನು ಕರೆದುಕೊಂಡು ಹೋಗುತ್ತಿದ್ದರು.

ಪ್ರಾತಃಕಾಲದಲ್ಲಿ ನಾನು ಅರ್ಘ್ಯ ಕೊಟ್ಟು ಮುಗಿಸುವವರೆಗೆ ಗೌಡರು ಬೇಲಿಯಾಚೆ ಮಾತಿಲ್ಲದೆ ನಿಂತಿರುತ್ತಿದ್ದರು. ಮುಗಿದೊಡನೆ, "ಆಯ್ತಾ ಮೇಷ್ಟ್ರೇ, ಸೂರ್ಯಪ್ಪಂಗೆ ನೀರು ಕುಡ್ಸಿದ್ದು? ಅಷ್ಟು ಉರಿಯೋನ್ಗೆ ಒಂದು ಚೊಂಬು ಎಲ್ಲಿ ಸಾಕಾದದು?" ಎನ್ನುವರು. ನಾನು ನಗುತ್ತಿದ್ದೆ. ಆ ಕುಚೋದ್ಯದೊಳಗೆ ಅವರದೇ ರೀತಿಯ ಭಕ್ತಿಯಿತ್ತೆಂದು ನನಗೆ ತಿಳಿದಿತ್ತು.

ಗೌಡರಿಗೆ ಉಬ್ಬಸ ಹೆಚ್ಚಿದಾಗ ವೈದ್ಯರು ಬ್ಯಾರನ್ನಿನ ಹೊಗೆಯ ಬಳಿಗೆ ಸುಳಿಯಕೂಡದೆಂದು ಕಟ್ಟಪ್ಪಣೆ ಮಾಡಿದರು. ಗೌಡರು ಬ್ಯಾರನ್ನನ್ನು ತಮ್ಮನ ಮಕ್ಕಳಿಗೆ ಬಿಟ್ಟುಕೊಟ್ಟರು. ಅಂದಿನಿಂದ ಆ ಅಂಗೈಗೆ ಕೆಲಸವಿಲ್ಲದಾಯಿತು. ಎಮ್ಮೆಯ ಬೆನ್ನು, ಜಗಲಿಯ ಕಲ್ಲು, ದೇವಸ್ಥಾನದ ಕಂಬ, ಎದುರಿಗೆ ಸಿಕ್ಕಿದ್ದನ್ನೆಲ್ಲ ಮುಟ್ಟಿ ಮುಟ್ಟಿ ನೋಡುವರು. "ಏನು ಗೌಡರೇ?" ಎಂದರೆ, "ಕೈ ಸುಮ್ಕಿರಕಿಲ್ಲ ಕಣ್ರೀ," ಎನ್ನುವರು. ಆ ಉತ್ತರ ನನ್ನನ್ನು ಕಲಕುತ್ತಿತ್ತು.

ಅಂಥ ದಿನಗಳಲ್ಲಿ ಮಗಳು ರತ್ನ ಬಂದಳು. ಕೆ.ಆರ್. ನಗರದಲ್ಲಿ ವಿಜ್ಞಾನದ ಅಧ್ಯಾಪಕಿ. ತಾಯಿಯಿಲ್ಲದೆ ತಂದೆಯ ಕೈಯಲ್ಲೇ ಬೆಳೆದವಳು. ಅವಳ ತೋಳಿನ ಮೇಲೆ ಒಂದು ವಿಚಿತ್ರ ಜೀವಿ ಕುಳಿತಿತ್ತು. ಮರಳಿನ ಬಣ್ಣ, ಮೈಯೆಲ್ಲ ಮುಳ್ಳು, ಗದ್ದದ ಕೆಳಗೆ ಋಷಿಗಳಿಗಿರುವಂಥ ಗಡ್ಡ. ಪರದೇಶದ ಮರುಭೂಮಿಯ ತಳಿಯ ಡ್ರ್ಯಾಗನ್ ಹಲ್ಲಿಯೆಂದೂ, ಕ್ರಮಪ್ರಕಾರ ಅರಣ್ಯ ಇಲಾಖೆಯಲ್ಲಿ ನೋಂದಾಯಿಸಿಯೇ ಸಾಕಿರುವುದೆಂದೂ ಹೇಳಿದಳು. ಅವಳ ಬಾಡಿಗೆಮನೆಯ ಯಜಮಾನರು ಅದನ್ನು ಕಂಡು ಹೆದರಿ, ಒಂದೋ ಹಲ್ಲಿ ಹೋಗಬೇಕು, ಇಲ್ಲವೇ ನೀವು ಹೋಗಬೇಕು ಎಂದಿದ್ದರಂತೆ.

"ಬೇರೆ ಮನೆ ಸಿಗೋವರ್ಗೂ ಇರ್ಲಿ ಅಪ್ಪಾ. ಇದಕ್ಕೆ ಬಿಸಿ ಬೇಕು. ಬಿಸಿ ವಿಷ್ಯ ನಿನಗಿಂತ ಯಾರಿಗೆ ಗೊತ್ತು?"

ಆ ಮಾತಿಗೆ ಗೌಡರ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಹಲ್ಲಿಗೆ ಅಲ್ಲಿಯೇ ಮುನಿಸ್ವಾಮಿಯೆಂದು ನಾಮಕರಣವಾಯಿತು. ಅದು ಮುಂಗಾಲನ್ನೆತ್ತಿ ಮೆಲ್ಲಗೆ ಗಾಳಿಯಲ್ಲಿ ತಿರುಗಿಸಿದಾಗ, "ನೋಡಿ ಮೇಷ್ಟ್ರೇ, ನಿಮ್ಗೇ ನಮಸ್ಕಾರ ಮಾಡ್ತಾ ಅದೆ," ಎಂದರು. ಬೀದಿಯವರು ಬಿಡುತ್ತಾರೆಯೇ? ಗೌಡರ ಜೊತೆಯವರಾದ ಕಾಳಪ್ಪನವರು ಜಗಲಿಯಿಂದಲೇ ಕೂಗಿದರು: "ಏನ್ಲಾ ಬೋರಾ, ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅಂತಿದ್ರು. ಈಗ ಗೂಟದ ಬದ್ಲು ನೀನೇ ನಿಂತ್ಕಂಡ್ಯಾ?"

"ಹೂಂ ಕಣ್ಲಾ. ನಿನ್ನಂಥೋನ್ಗೆ ಸಾಕ್ಷಿ ನಿಂತ್ಕಳದಕ್ಕಿಂತ ಇದೇ ವಾಸಿ!"

ಪೆಟ್ಟಿಗೆಯನ್ನು ಗೌಡರೇ ಮಾಡಿದರು. ಹಲಸಿನ ಹಲಗೆ, ಮುಂದುಗಡೆ ಗಾಜು, ಮೇಲೆ ಮುಚ್ಚಳ. ರತ್ನ ತಂದಿದ್ದ ಬಲ್ಬುಗಳನ್ನೂ, ಬಿಸಿಲಿನ ಸತ್ವವನ್ನು ಕೊಡುವುದೆಂದು ಅವಳು ವಿವರಿಸಿದ ಉದ್ದನೆಯ ದೀಪವನ್ನೂ ಕೂರಿಸಿದರು. ಊಟಕ್ಕೆ ನುಗ್ಗೆಸೊಪ್ಪು, ಕುಂಬಳಕಾಯಿಯ ತುರಿ, ಪರಿಚಯದ ಸಾಕಣೆದಾರರಿಂದ ರೇಷ್ಮೆಹುಳು. ದಾಸವಾಳವೆಂದರೆ ಮುನಿಸ್ವಾಮಿಗೆ ಪ್ರಾಣವೆಂದು ತಿಳಿದ ಮೇಲೆ ಗೌಡರ ಕೈ ನನ್ನ ಬೇಲಿಯ ಮೇಲಿಂದ ಚಾಚತೊಡಗಿತು: "ದೇವ್ರಿಗೊಂದು, ಮುನ್ಸಾಮಿಗೊಂದು." ಪೂಜೆಗೆಂದು ಬಿಡಿಸಿದ ಹೂವನ್ನು ಹಲ್ಲಿಗೆ ಕೊಡುವುದು ಹೇಗೆಂದು ನಾನು ಮೊದಲ ದಿನ ಅನುಮಾನಿಸಿದೆ. ಮರುದಿನದಿಂದ ಅದರ ಹೂವನ್ನು ಅದರ ಹೆಸರಿನಲ್ಲಿಯೇ ಬೇರೆಯಾಗಿ ಬಿಡಿಸಿದೆ. ಆಗ ಮನಸ್ಸಿಗೆ ಸಮಾಧಾನವಾಯಿತು.

ಧನುರ್ಮಾಸದ ಚಳಿ ಬಂದಿತು. ಮುನಿಸ್ವಾಮಿ ನಡುಗೀತೆಂದು ಗೌಡರಿಗೆ ಕಳವಳ. ಒಂದು ಮುಂಜಾನೆ ಅವರು ಪೆಟ್ಟಿಗೆಯ ಸಂದುಗಳನ್ನೆಲ್ಲ ಜೇಡಿಮಣ್ಣಿನಿಂದ ಮೆತ್ತಿ, ಮೂಲೆಮೂಲೆಗೂ ಬಲ್ಬು ಹಚ್ಚಿ, ಹೊರಗಿನಿಂದ ಅಂಗೈಯಿಟ್ಟು ನೋಡಿದರು. "ನಾಕು ಮೂಲೆನೂವೆ ಒಂದೇ ಸಮ ಕಣ್ರೀ! ಸೊಪ್ಪು ಆಕಿದ್ರೆ ಚಿನ್ನದ ಬಣ್ಣ ಬತ್ತಿತ್ತು." ಬಹುಕಾಲದ ಮೇಲೆ ಕೇಳಿದ ಉಲ್ಲಾಸದ ಸ್ವರವದು. ಮುನಿಸ್ವಾಮಿ ಬಾಯಿ ತೆರೆದು ಗಾಜಿಗೆ ಮೈಯೊತ್ತಿ ನಿಂತಿತ್ತು. "ಬಿಸಿ ಕುಡೀತಾ ಅದೆ," ಎಂದರು. ನಾನೂ ಹಾಗೆಯೇ ನಂಬಿದೆ.

ಮಧ್ಯಾಹ್ನ ಹೂವಿನೊಡನೆ ಹೋದಾಗ ಅದು ಮೂಲೆಯಲ್ಲಿ ಬಿದ್ದಿತ್ತು. ಬಾಯಿ ಇನ್ನೂ ತೆರೆದೇ ಇತ್ತು, ಕಣ್ಣು ಅರೆಮುಚ್ಚಿತ್ತು. ಗೌಡರು ಮಗಳಿಗೆ ಫೋನು ಮಾಡಿದರು. ಆ ಕಡೆಯ ಕೂಗು ನನಗೂ ಕೇಳಿಸಿತು: "ಅಪ್ಪಾ, ಮೊದ್ಲು ಮುಚ್ಚಳ ತೆಗಿ! ದೀಪ ಆರ್ಸು! ತಣ್ಣನೆ ಜಾಗಕ್ಕೆ ತಗೊಂಡ್ ಹೋಗು!" ಗೌಡರು ಮುಚ್ಚಳವನ್ನು ಕಿತ್ತೇ ಎಸೆದರು. ಮುನಿಸ್ವಾಮಿಯನ್ನು ಎದೆಗವಚಿಕೊಂಡು ನೆರಳಿನ ನೆಲದ ಮೇಲೆ ಕುಳಿತುಬಿಟ್ಟರು.

ಸಂಜೆಯ ಬಸ್ಸಿಗೆ ರತ್ನ ಪಶುವೈದ್ಯರೊಬ್ಬರ ಸಲಹೆ ಪಡೆದುಕೊಂಡು ಬಂದಳು. ಉಪಚಾರ ಮುಗಿದ ಮೇಲೆ ಮಣ್ಣು ಮೆತ್ತಿದ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದಳು. ಸಿಟ್ಟು ಮಾಡಲಿಲ್ಲ.

"ಸೊಪ್ಪು ಕಟ್ಟಿದ ಕಡೇನೇ ತೂಗಾಡ್ತದೆ ಅಪ್ಪಾ, ಅದಕ್ಕೆ ಎಲ್ಲಾ ಕಡೆ ಒಂದೇ ಬಿಸಿ ಬೇಕು. ಇದು ನಡೆಯೋ ಜೀವ. ಬೇಕು ಅಂದ್ರೆ ಬಿಸೀಗೆ ಹೋಗ್ತದೆ, ಸಾಕು ಅಂದ್ರೆ ತಂಪಿಗೆ ಬರ್ತದೆ. ನೀನು ಇದಕ್ಕೆ ಹೋಗೋಕೆ ಜಾಗಾನೇ ಬಿಟ್ಟಿಲ್ಲ."

ಗೌಡರು ತಮ್ಮ ಅಂಗೈಯನ್ನು ನೋಡಿಕೊಂಡರು. "ಕೈ ಸುಳ್ಳು ಯೋಳ್ತು ಕಣವ್ವ," ಎಂದರು. "ನಿಮ್ಮವ್ವ ಓದ್ಮೇಲೆ ನಿನ್ನೂ ಇಂಗೇ ಸಂದಿಗೊಂದಿ ಎಲ್ಲಾ ಮುಚ್ಚಿ ಬೆಳೆಸ್ದೆ, ಅಲ್ವಾ?" ಎಂದು ಕೇಳಿದರು. ರತ್ನ ತಂದೆಯ ಪಕ್ಕದಲ್ಲಿ ಕುಳಿತು ಅವರ ಬೆರಳಿಗೆ ಅಂಟಿದ್ದ ಜೇಡಿಮಣ್ಣನ್ನು ಸೆರಗಿನಿಂದ ಒರೆಸಿದಳು.

ಬೆಳಗ್ಗೆ ಅವಳು ಹಲ್ಲಿಯನ್ನು ಒಯ್ಯಲು ಸಿದ್ಧಳಾದಾಗ ಗೌಡರು ಬಾಗಿಲಿಗೆ ಅಡ್ಡ ನಿಂತರು. ಯಾರ ಮುಂದೆಯೂ ಕೈಚಾಚದ ಆ ಮನುಷ್ಯ, "ಇನ್ನೊಂದು ಕಿತ ಕೊಟ್ಟು ನೋಡವ್ವಾ," ಎಂದರು. ಮಗಳು ಅವರ ಮುಖವನ್ನೇ ನೋಡಿದಳು. ಹಲ್ಲಿಯನ್ನು ಅವರ ತೋಳಿಗೆ ದಾಟಿಸಿದಳು.

ಆಮೇಲೆ ನಾನು ಕಂಡ ದೃಶ್ಯ ಮರೆಯುವಂಥದಲ್ಲ. ಗೌಡರು ನಮ್ಮಿಬ್ಬರ ನಡುವಿನ ಬೇಲಿಯ ಮುಂದೆ ಮಣೆ ಹಾಕಿಕೊಂಡು ಕುಳಿತರು. ನಮ್ಮೂರಿನದೇ ಓತಿಕ್ಯಾತವೊಂದು ಗೂಟದ ತುದಿಯಲ್ಲಿ ಬಿಸಿಲು ಕಾಯಿಸಿಕೊಂಡಿತು, ಕಾಯಿಸಿಕೊಂಡು ಗೂಟದ ಹಿಂಬದಿಯ ನೆರಳಿಗೆ ಜಾರಿತು, ಮತ್ತೆ ಮೇಲೇರಿತು. ಕಾಳಪ್ಪನವರು ಹಾಸ್ಯ ಮಾಡಿದರೂ ಆ ದಿನ ಗೌಡರ ಕಣ್ಣು ಗೂಟದ ಮೇಲಿಂದ ಕದಲಲಿಲ್ಲ.

ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ಅದರ ಎರಡರಷ್ಟು ಉದ್ದದ್ದನ್ನು ಮಾಡಿದರು. ಒಂದು ತುದಿಗೆ ಮಾತ್ರ ಬಿಸಿಯ ದೀಪ, ಅದರಡಿಯಲ್ಲಿ ಚಪ್ಪಟೆಯ ಕಲ್ಲು; ಇನ್ನೊಂದು ತುದಿಗೆ ಬೋರಲು ಹಾಕಿದ ಒಡಕು ಮಡಕೆಯ ನೆರಳು. ನಡುವೆ ಹತ್ತಿ ಇಳಿಯಲು ಒಂದು ಕೊಂಬೆ. ಮುಚ್ಚಳದ ಬದಲು ಜಾಲರಿ. ಈ ಬಾರಿ ಎರಡು ಕಡೆಗೂ ಉಷ್ಣಮಾಪಕ ಇಟ್ಟರು. ಮೊದಲು ಅದನ್ನು ನೋಡಿ, ಆಮೇಲೆ ಕೈಯಿಟ್ಟರು. ಮುನಿಸ್ವಾಮಿ ಕೆಲಕಾಲ ಮಂಕಾಗಿಯೇ ಇತ್ತು. ಒಂದು ಬೆಳಗ್ಗೆ ಅದು ಮಡಕೆಯಿಂದ ಹೊರಬಂದು, ಕೊಂಬೆ ದಾಟಿ, ಕಲ್ಲನ್ನೇರಿ ಕುಳಿತು, ನನ್ನ ದಾಸವಾಳದ ಎಸಳನ್ನು ಕಚ್ಚಿತು. ಗೌಡರು ಟವೆಲಿನಿಂದ ಕಣ್ಣೊರೆಸಿಕೊಂಡು, "ಉಬ್ಬಸಕ್ಕೆ ಕಣ್ಣಲ್ಲೂ ನೀರು ಬತ್ತದೆ ಕಣ್ರೀ," ಎಂದರು.

ಮುಂದಿನ ಮಳೆಗಾಲದಲ್ಲಿ ಅವರ ಉಸಿರು ತೀರ ಭಾರವಾಯಿತು. ಮೈಸೂರಿನ ಆಸ್ಪತ್ರೆಗೆ ಹೊರಡುವ ಮುನ್ನ ನನ್ನನ್ನು ಕರೆಸಿಕೊಂಡರು. ನನ್ನ ಕೈಯನ್ನು ತಾವೇ ಹಿಡಿದು ಮೊದಲು ಬಿಸಿಯ ಕಲ್ಲಿನ ಮೇಲಿಟ್ಟರು. ಆಮೇಲೆ ಮಡಕೆಯ ತಂಪಿನಲ್ಲಿಟ್ಟರು. "ತಿಳೀತಾ ಮೇಷ್ಟ್ರೇ? ಎಲ್ಡೂ ಇರ್ಬೇಕು. ನಡುವೆ ದಾರಿ ಬುಟ್ಟಿರ್ಬೇಕು. ಅಷ್ಟೇಯ." ಅವರು ಮರಳಿ ಬರಲಿಲ್ಲ.

ರತ್ನ ಈಗ ಕೆ.ಆರ್. ನಗರದಲ್ಲಿ ಸ್ವಂತ ಮನೆ ಮಾಡಿದ್ದಾಳೆ. ಈಚೆಗೆ ಒಂದು ಬೆಳಗ್ಗೆ ಬಾಳೆಲೆಯಲ್ಲಿ ದಾಸವಾಳ ಸುತ್ತಿಕೊಂಡು ಅಲ್ಲಿಗೆ ಹೋಗಿದ್ದೆ. ಪೂರ್ವದ ಕಿಟಕಿಯ ಬಳಿ ಅದೇ ಉದ್ದನೆಯ ಪೆಟ್ಟಿಗೆ. "ಒಂದ್ಸಲ ಕೈಯಿಟ್ಟು ನೋಡಿ ಮೇಷ್ಟ್ರೇ. ಮೀಟರ್ ಸರಿಯಾಗೇ ತೋರಿಸ್ತದೆ. ಆದ್ರೂ ಯಾರಾದ್ರೂ ಕೈಯಿಡಬೇಕು ಅನ್ಸುತ್ತೆ," ಎಂದಳು. ಇಟ್ಟೆ. ಇದು ಬಿಸಿ, ಇದು ತಂಪು. ನನ್ನ ಅಂಗೈಗೆ ತಿಳಿದದ್ದು ಇಷ್ಟು ಮಾತ್ರ. ಮುನಿಸ್ವಾಮಿ ಹೂವನ್ನು ತಿಂದು ಮುಗಿಸಿ, ಮುಂಗಾಲನ್ನೆತ್ತಿ ಮೆಲ್ಲಗೆ ತಿರುಗಿಸಿತು. ನಾನೂ ಕೈಮುಗಿದೆ.

ಆ ಜೀವಕ್ಕೂ, ಅದಕ್ಕಾಗಿ ಪ್ರಾಣ ತೆತ್ತ ಹುಳುಗಳಿಗೂ, ಹೂ ಕೊಟ್ಟ ಗಿಡಕ್ಕೂ, ಬೇಲಿಯ ಮೇಲೆ ಕುಳಿತು ಪಾಠ ಹೇಳಿದ ಓತಿಕ್ಯಾತಕ್ಕೂ, ಹಾಸ್ಯ ಮಾಡಿದ ಕಾಳಪ್ಪನವರಿಗೂ, ತಂದೆಗೆ ಎರಡನೆಯ ಅವಕಾಶ ಕೊಟ್ಟ ಮಗಳಿಗೂ ಒಳಿತಾಗಲಿ. ಬೋರೇಗೌಡರು ಇರುವ ಲೋಕದಲ್ಲಿಯೂ, ನಾವು ಉಳಿದಿರುವ ಈ ಲೋಕದಲ್ಲಿಯೂ, ಬೇಕೆಂದಾಗ ಬಿಸಿಲು, ಸಾಕೆಂದಾಗ ನೆರಳು, ಎರಡರ ನಡುವೆ ನಡೆದು ಹೋಗುವಷ್ಟು ದಾರಿ ಎಲ್ಲರಿಗೂ ದೊರೆಯಲಿ.